ಫೈಲು ಮುಗಿಯುವ ತನಕ

ತಗ್ಗು ಅಂಗೈ ಅಗಲ ಇತ್ತು, ಅಷ್ಟೆ. ಕಾರಿನ ಹಿಂಭಾಗದಲ್ಲಿ, ನಂಬರ್ ಪ್ಲೇಟಿನ ಎಡಕ್ಕೆ. ನೋಡಿದವರು ಯಾರಾದರೂ "ಇದಕ್ಕೆ ಇಷ್ಟೊಂದು ರಾದ್ಧಾಂತವೇ" ಎಂದು ನಕ್ಕು ಮುಂದೆ ಹೋಗುವಂಥದ್ದು. ಆದರೆ ಆ ತಗ್ಗಿಗಾಗಿ ಹಲ್ಲಣ್ಣ ಎರಡು ತಿಂಗಳಿಂದ ಇನ್ಶೂರೆನ್ಸ್ ಕಂಪನಿಯ ಜೊತೆ ಹೋರಾಡುತ್ತಿದ್ದ. ಅವನಿದ್ದ ಕಟ್ಟಡದ ಮೂರೂ ಮಹಡಿಯವರಿಗೆ ಅವನ ಮೇಲೆ ಹೊಸ ಗೌರವ ಹುಟ್ಟಿತ್ತು. ಲಿಫ್ಟಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಕ್ಷಮೆ ಕೇಳುವ ಈ ಮನುಷ್ಯ ಒಂದು ಕಂಪನಿಯನ್ನೇ ಎದುರು ಹಾಕಿಕೊಂಡಿದ್ದಾನಲ್ಲ ಎಂದು.

ಹಲ್ಲಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಸುಬು ಕೊಟ್ಟ ಹೆಸರು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ತನ್ನ ಪುಟ್ಟ ಲ್ಯಾಬಿನಲ್ಲಿ ಕೂತು ಮೇಣ ಕಾಯಿಸಿ, ಹಲ್ಲು ಜೋಡಿಸಿ, ಉಜ್ಜಿ ನುಣುಪು ಮಾಡಿ ಸೆಟ್ಟು ತಯಾರಿಸಿ ಕೊಡುತ್ತಾನೆ. ಊರಿನ ಮುದುಕರ ಅರ್ಧ ನಗು ಅವನ ಮೇಜಿನ ಮೇಲೆ ಹುಟ್ಟಿದ್ದು. ಸ್ವಂತ ನಗುವಿಗೆ ಮಾತ್ರ ನಲವತ್ತು ದಾಟಿದರೂ ಹೇಳಿಕೊಳ್ಳುವಂಥ ಕಾರಣ ಸಿಕ್ಕಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ "ನೋಡೋಣ" ಎನ್ನುತ್ತ ಬಂದು, ಕೊನೆಗೆ ಮಾತು ಬರುವುದೇ ನಿಂತುಹೋಗಿ, ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡಿದ್ದ.

ತಗ್ಗು ಬಿದ್ದದ್ದು ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ. ಇವನು ಈ ಸಾಲಿನಿಂದ ರಿವರ್ಸ್ ತೆಗೆದ, ಅವಳು ಆ ಸಾಲಿನಿಂದ ತೆಗೆದಳು. ನಡುವೆ ಧಡ್ ಎಂದಿತು. ಇವನು ಕೆಳಗಿಳಿದು, ಬೈಸಿಕೊಳ್ಳಲು ತಯಾರಾಗಿ ಭುಜ ಕುಗ್ಗಿಸಿ ನಿಂತ. ಅವಳು ತನ್ನ ಕಾರಿನೊಳಗೆ ಉರುಳಿದ್ದ ಗಿಡದ ಕುಂಡಗಳನ್ನು ನೋಡಿದಳು, ಎರಡೂ ಕಾರಿನ ಹಿಂಭಾಗ ನೋಡಿದಳು, ಇವನ ಮುಖ ನೋಡಿದಳು. ನೋಡಿ ಜೋರಾಗಿ ನಕ್ಕುಬಿಟ್ಟಳು.

"ಅಯ್ಯೋ ಸಾರ್, ನಮ್ಮಿಬ್ಬರಿಗೂ ಬೆನ್ನಲ್ಲಿ ಕಣ್ಣಿಲ್ಲ ನೋಡಿ!"

ನಕ್ಕಾಗ ಅವಳ ಎಡಗಡೆಯ ಕೋರೆಹಲ್ಲು ಸಾಲು ಬಿಟ್ಟು ತುಸು ಮುಂದೆ ಬಂದು ಇಣುಕಿತು. ದಿನವಿಡೀ ನೆಟ್ಟಗಿನ ಹಲ್ಲುಗಳನ್ನೇ ಜೋಡಿಸುವ ಹಲ್ಲಣ್ಣ ಆ ಒಂದು ಸೊಟ್ಟ ಹಲ್ಲಿಗೆ ಸೋತುಹೋದ. ಗುದ್ದಿದ ಮೇಲೆ ನಗುವ ಮನುಷ್ಯರನ್ನು ಅವನು ಈವರೆಗೆ ಕಂಡಿರಲಿಲ್ಲ.

ಅವಳದು ಗಿಡಗಳ ನರ್ಸರಿ. ಇಬ್ಬರ ಕಾರಿಗೂ ಒಂದೇ ಕಂಪನಿಯ ಪಾಲಿಸಿ. ತಪ್ಪು ಯಾರದು ಎಂದು ತೀರ್ಮಾನ ಆಗುವ ತನಕ ಯಾರ ಕಾರೂ ರಿಪೇರಿಗೆ ಹೋಗುವಂತಿಲ್ಲ ಎಂದಿತು ಕಂಪನಿ. ಸರ್ವೇಯರ್ ಬಂದು ಅಳತೆ ತೆಗೆದು, ತಪ್ಪು ಹಲ್ಲಣ್ಣನದು ಎಂದ. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಮೇಲಿನ ಮಹಡಿಯ ಅರ್ಜಿ ಮಾವ ಇದ್ದರಲ್ಲ. ಜೀವಮಾನವೆಲ್ಲ ಕಚೇರಿಯಲ್ಲಿ ಅರ್ಜಿ ಬರೆದು, ರಿಟೈರಾದ ಮೇಲೆ ಬರೆಯಲು ಏನೂ ಇಲ್ಲದೆ ಸೊರಗಿದ್ದ ಅವರು ಅಂದೇ ಸಂಜೆ ಮೂಗು ತೂರಿಸಿದರು.

"ಒಪ್ಕೋಬೇಡ ಮಗನೇ. ಬರವಣಿಗೇಲಿ ಒಂದು ಆಕ್ಷೇಪಣೆ ಹಾಕಿದ್ರೆ ಸಾಕು, ಸರ್ವೇಯರ್ ಎರಡೂ ಪಾರ್ಟಿನ ಕರೆಸಿ ಮತ್ತೆ ಮೊದಲಿಂದ ಅಳೀಬೇಕು. ಅದು ನಿಯಮ."

"ಎರಡೂ ಪಾರ್ಟಿನಾ?" ಎಂದು ಕೇಳಿದ ಹಲ್ಲಣ್ಣ.

"ಹೂಂ. ಒಟ್ಟಿಗೇ."

ಅಸಲು ವಿಷಯ ಈಗಲೇ ಹೇಳಿಬಿಡುವುದು ಒಳ್ಳೆಯದು. ಹಲ್ಲಣ್ಣನಿಗೆ ಕ್ಲೇಮು ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಮುಂದಿನ ತಾರೀಖು.

ಬಂಪರಿನ ಎತ್ತರ ತಪ್ಪು ಅಳೆದಿದ್ದಾರೆ ಎಂದು ಒಂದು ಆಕ್ಷೇಪಣೆ ಹೋಯಿತು. ಗುದ್ದಿದ ಕೋನ ಸರಿಯಿಲ್ಲ ಎಂದು ಇನ್ನೊಂದು. ಆವತ್ತು ಬಿಸಿಲು ಕನ್ನಡಿಗೆ ಹೊಡೆಯುತ್ತಿತ್ತು, ಅದನ್ನು ಪರಿಗಣಿಸಿಲ್ಲ ಎಂದು ಮತ್ತೊಂದು. ಎದುರು ಪಾರ್ಟಿಯ ಕಾರಿನಲ್ಲಿದ್ದ ಕುಂಡಗಳ ತೂಕ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದಂತೂ ಅರ್ಜಿ ಮಾವನ ಬದುಕಿನ ಅತ್ಯುತ್ತಮ ಕೃತಿ. ಪ್ರತಿ ಸಲವೂ ಕಂಪನಿಯ ಅಂಗಳದಲ್ಲಿ, ಅವಳ ಪಕ್ಕ, ಅರ್ಧ ಗಂಟೆ. ಒಂದು ಸಲ ಅವಳು ಇವನ ಕೆಲಸದ ಬಗ್ಗೆ ಕೇಳಿದಳು. ಇನ್ನೊಂದು ಸಲ ಪೇಪರ್ ಕಪ್ಪಿನಲ್ಲಿ ಒಂದು ಪುಟ್ಟ ಸಸಿ ತಂದುಕೊಟ್ಟಳು.

"ನೀರು ಕಡಿಮೆ ಹಾಕಿ ಸಾರ್. ಜನ ಪ್ರೀತಿ ಜಾಸ್ತಿಯಾಗಿ ನೀರು ಹುಯ್ದು ಹುಯ್ದು ಕೊಳೆಸಿಬಿಡ್ತಾರೆ."

ಆ ಸಸಿ ಲ್ಯಾಬಿನ ಕಿಟಕಿಯಲ್ಲಿ, ಒಣಗಲು ಇಟ್ಟ ಸೆಟ್ಟುಗಳ ನಡುವೆ ನಿಂತಿತ್ತು. ಸಂಜೆ ಕೆಲಸ ಮುಗಿಸಿ ದೀಪ ಆರಿಸುವ ಮುಂಚೆ ಹಲ್ಲಣ್ಣ ಅದರ ಮುಂದೆ ನಿಂತು ಒಂದು ಮಾತನ್ನು ಅಭ್ಯಾಸ ಮಾಡುತ್ತಿದ್ದ. "ಈ ಕೇಸು ಮುಗಿದ ಮೇಲೂ ನಾವು ಭೇಟಿ ಆಗಬಹುದಾ?" ಇಷ್ಟೇ ಮಾತು. ಸಸಿಯ ಮುಂದೆ ಸಲೀಸಾಗಿ ಬರುತ್ತಿತ್ತು. ಅವಳ ಮುಂದೆ ನಿಂತರೆ ಬಾಯಲ್ಲಿ ಬೇರೆ ಯಾರದ್ದೋ ಸೆಟ್ಟು ಹಾಕಿಕೊಂಡ ಹಾಗೆ ನಾಲಿಗೆ ತಡವರಿಸುತ್ತಿತ್ತು. ಹೇಳಲಾಗದೆ ಮನೆಗೆ ಬಂದು, ಅರ್ಜಿ ಮಾವನ ಬಾಗಿಲು ತಟ್ಟಿ, "ಮಾವ, ಇನ್ನೊಂದು ಆಕ್ಷೇಪಣೆ" ಎನ್ನುತ್ತಿದ್ದ.

ಹೀಗಿರುವಾಗ ಆ ದಿನ ಬೆಳಗ್ಗೆ ಕಂಪನಿಯ ಆಫೀಸಿನ ಹುಡುಗಿಯ ಫೋನು ಬಂತು.

"ಸಾರ್, ಇವತ್ತು ಮಧ್ಯಾಹ್ನ ಕೊನೇ ಇನ್ಸ್‌ಪೆಕ್ಷನ್. ಏನೇ ಆದ್ರೂ ಇವತ್ತು ಫೈಲ್ ಮುಗಿಸಿ ಅಂತ ಮ್ಯಾನೇಜರ್ ಹೇಳಿದ್ದಾರೆ. ಇನ್ಮೇಲೆ ಆಕ್ಷೇಪಣೆ ತಗೊಳ್ಳಲ್ಲ."

ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ. ಅವಳ ನರ್ಸರಿಗೆ ಹೋಗಿ ಗಿಡ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವನೂ ಹಾಗೆಂದುಕೊಂಡು ಒಮ್ಮೆ ಅಲ್ಲಿಯ ಗೇಟಿನ ತನಕ ಹೋಗಿದ್ದ. ಕಾರಣವಿಲ್ಲದೆ ಒಳಗೆ ಹೋಗುವುದು ಹೇಗೆಂದು ತಿಳಿಯದೆ ವಾಪಸ್ ಬಂದಿದ್ದ. ಕೆಲವರಿಗೆ ಪ್ರೀತಿಗೂ ಸಮನ್ಸು ಬೇಕಾಗುತ್ತದೆ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೆರಡು ಸಲ ಗಡ್ಡ ಬೋಳಿಸಿಕೊಂಡು ಹೊರಟವನನ್ನು ಅಕ್ಕ ಬಾಗಿಲಲ್ಲಿ ತಡೆದಳು.

"ಜಗಳಕ್ಕೆ ಹೊರಟೋನಿಗೆ ಸೆಂಟು ಯಾಕೋ?"

"ಆಫೀಸಲ್ವೇನಕ್ಕಾ..."

"ನಾನೂ ಬರ್ತೀನಿ ಇರು. ನಿನ್ನ ಕಾರಿಗೆ ಗುದ್ದಿ, ಎರಡು ತಿಂಗಳಿಂದ ನಿನ್ನ ಅಲೆಸ್ತಿದ್ದಾಳಲ್ಲ ಆ ಹೆಂಗಸು, ಅವಳ ಮುಖ ಒಂದ್ಸಲ ನೋಡ್ಬೇಕು."

"ಬೇಡಕ್ಕಾ, ಬಿಸಿಲು."

"ಬಿಸಿಲಿಗೆ ಹೆದರಿದ್ರೆ ನಿನ್ನ ಸಾಕ್ತಿದ್ನಾ?"

ಅಷ್ಟರಲ್ಲಿ ಅರ್ಜಿ ಮಾವ ಬಗಲಲ್ಲಿ ದಪ್ಪ ಕಟ್ಟು ಹಿಡಿದು, ಕೋಟು ತೊಟ್ಟು ಮೆಟ್ಟಿಲಿಳಿದು ಬಂದೇಬಿಟ್ಟರು. "ಇವತ್ತು ನಾನೇ ವಾದ ಮಾಡ್ತೀನಿ. ಗೆಲ್ಲಿಸಿಕೊಟ್ಟೇ ಮನೆಗೆ ಬರೋದು!" ಗೆಲ್ಲುವುದು ಯಾರಿಗೆ ಬೇಕಿತ್ತು? ಆದರೆ ಅದನ್ನು ಹಲ್ಲಣ್ಣ ಯಾರಿಗೆ ಹೇಳಿಯಾನು. ಇಬ್ಬರೂ ಹಿಂದೆ ಹತ್ತಿ ಕೂತರು.

ಗುದ್ದಿದ ದಿನದಿಂದ ಡಿಕ್ಕಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗದಲ್ಲಿ ಕಟ್ಟಿದ್ದ. ಮಾವ ತಮ್ಮ ಕಟ್ಟನ್ನು ಡಿಕ್ಕಿಯಲ್ಲಿಟ್ಟು ತಾವೇ ಗಂಟು ಹಾಕಿದ್ದರು. ದೊಡ್ಡ ರಸ್ತೆಯ ಉಬ್ಬೊಂದರ ಮೇಲೆ ಕಾರು ಹಾರಿದಾಗ ಗಂಟು ಬಿಚ್ಚಿತು, ಡಿಕ್ಕಿ ಬಾಯಿ ತೆರೆಯಿತು, ಎರಡು ತಿಂಗಳ ವಾದವೆಲ್ಲ ಬಿಳಿ ಕೊಕ್ಕರೆಗಳ ಹಿಂಡಿನಂತೆ ಗಾಳಿಗೆ ಎದ್ದಿತು.

"ನಿಲ್ಸೋ! ನನ್ನ ಬಿಸಿಲಿನ ಪಾಯಿಂಟು ಹೋಯ್ತು!" ಎಂದು ಮಾವ ಅರಚಿದರು.

ಮಾವ ಒಂದು ಹಾಳೆಯ ಹಿಂದೆ, ಹಲ್ಲಣ್ಣ ಇನ್ನೊಂದರ ಹಿಂದೆ ಓಡಿದರು. ನಡುರಸ್ತೆಯಲ್ಲಿ ನಿಂತ ಕಾರಿನ ಪಕ್ಕ ಟ್ರಾಫಿಕ್ ಪೊಲೀಸಿನವ ಬಂದು ನಿಂತ. "ಯಾರಮ್ಮಾ ಡ್ರೈವರ್ರು?" ಎಂದ. "ಅಗೋ, ಅವನು ಕಣಪ್ಪ. ಇವತ್ತು ನ್ಯಾಯ ಕೇಳೋಕೆ ಹೊರಟಿದ್ದಾನೆ, ನೀನು ಅಡ್ಡ ಬರ್ಬೇಡ" ಎಂದಳು ಅಕ್ಕ. ನ್ಯಾಯ ಕೇಳಲು ಹೊರಟವನು ದಂಡ ಕಟ್ಟಿ, ಬೆವರಿನಲ್ಲಿ ಸೆಂಟೆಲ್ಲ ಇಳಿದುಹೋಗಿ, ಇಸ್ತ್ರಿ ಅಂಗಿ ಹಿಂಡಿದ ಬಟ್ಟೆಯಂತಾಗಿ ಕಂಪನಿಯ ಅಂಗಳ ಮುಟ್ಟುವಾಗ ತಡವಾಗಿತ್ತು.

ಅವಳು ಆಗಲೇ ಬಂದು ತನ್ನ ಕಾರಿಗೆ ಒರಗಿ ನಿಂತಿದ್ದಳು. ಉಗುರ ಸಂದಿಯಲ್ಲಿ ಮಣ್ಣು, ಕೂದಲಲ್ಲಿ ಒಂದು ಒಣ ಎಲೆ. ಆ ಎಲೆಯನ್ನು ತೆಗೆಯುವ ಹಕ್ಕು ತನಗಿದ್ದಿದ್ದರೆ ಎಂದು ಹಲ್ಲಣ್ಣನ ಜೀವ ಹಂಬಲಿಸಿತು. ಸ್ವಲ್ಪ ದೂರದಲ್ಲಿ ಸರ್ವೇಯರ್ ಟೇಪು ಹಿಡಿದು ನಿಂತಿದ್ದ. ನಗದ, ಹರಟದ, ಕಡ್ಡಿಯಂಥ ಮನುಷ್ಯ. ಮೊದಲ ಸಲವೇ ಹಲ್ಲಣ್ಣ ಟೀ ಕುಡಿಯಲು ಕರೆದಾಗ, "ಫೈಲು ತೆರೆದಿರೋವಾಗ ಪಾರ್ಟಿ ಜೊತೆ ಟೀ ಕುಡಿಯೋ ಹಾಗಿಲ್ಲ" ಎಂದು ಮುಖ ತಿರುಗಿಸಿದ್ದ. ಅವಳ ಕಾರನ್ನಂತೂ ಪ್ರತಿ ಸಲವೂ ಬಗ್ಗಿ, ಮಂಡಿಯೂರಿ, ಇಂಚಿಂಚು ಅಳೆಯುತ್ತಿದ್ದ. ಇವನ ಕಾರಿಗೆ ಎರಡು ನಿಮಿಷವೂ ಕೊಡುತ್ತಿರಲಿಲ್ಲ. ಪಾಪದ ಹೆಂಗಸಿನ ಮೇಲೆ ಎಷ್ಟು ಕಟ್ಟುನಿಟ್ಟು ಎಂದು ಹಲ್ಲಣ್ಣನಿಗೆ ಅವನ ಮೇಲೆ ಸಿಟ್ಟಿತ್ತು.

ಅಕ್ಕ ಸೆರಗು ಬಿಗಿದುಕೊಂಡು ಯುದ್ಧಕ್ಕೆ ಹೊರಟಂತೆ ಅವಳ ಬಳಿ ಹೋದಳು. ಐದು ನಿಮಿಷದಲ್ಲಿ ತಿರುಗಿ ಬಂದಾಗ ಕೈಯಲ್ಲಿ ಒಂದು ಕುಂಡ, ಮುಖದಲ್ಲಿ ಬೇರೆಯೇ ಕಳೆ.

"ಲೋ, ಎಷ್ಟು ಒಳ್ಳೆ ಹೆಣ್ಣೋ! ಬೇಡ ಅಂದ್ರೂ ಗಿಡ ಕೊಟ್ಲು. ಮದುವೆ ಆಗಿಲ್ವಂತೆ. ಇಂಥೋಳ ಮೇಲೆ ಕೇಸು ಹಾಕ್ಕೊಂಡು ಕೂತಿದ್ಯಲ್ಲೋ ಪೆದ್ದೇ, ಬೇರೆ ಏನೂ ತೋಚಲಿಲ್ವಾ ನಿನಗೆ?"

ಹಲ್ಲಣ್ಣನಿಗೆ ಅಳು ನಗು ಎರಡೂ ಒಟ್ಟಿಗೆ ಬಂತು. ತಮ್ಮನ ಮುಖ ನೋಡಿದ ಅಕ್ಕನಿಗೆ ಇಸ್ತ್ರಿ ಅಂಗಿ, ಸೆಂಟು, ಎರಡು ತಿಂಗಳ ಹೋರಾಟ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. "ಅಯ್ಯೋ ನನ್ನಪ್ಪ" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಇವತ್ತೇ ಕೇಳ್ಬಿಡೋ. ಕೇಳದೆ ಮನೆಗೆ ಬಂದ್ರೆ ಬಾಗಿಲು ತೆಗಿಯಲ್ಲ ನೋಡು."

"ಇನ್ನೊಂದು ಸಲ ನಡೆದದ್ದನ್ನ ನಡೆಸಿ ತೋರಿಸಿ" ಎಂದು ಸರ್ವೇಯರ್ ಕೂಗಿದ. "ಇಬ್ಬರೂ ನಿಧಾನವಾಗಿ ಹಿಂದಕ್ಕೆ ಬನ್ನಿ. ಸುಣ್ಣದ ಗೆರೆ ಹತ್ರ ನಿಲ್ಲಿಸಿ. ಮುಟ್ಟಬಾರದು."

ಹಲ್ಲಣ್ಣ ರಿವರ್ಸ್ ಗೇರು ಹಾಕಿದ. ಬದಿಯಲ್ಲಿ ನಿಂತು ಇಬ್ಬರು ದಾರಿ ತೋರಿಸಿದರು. "ಬಾ ಬಾ ಬಾ, ಎಡಕ್ಕೆ ತಿರುಗ್ಸು" ಎಂದು ಅಕ್ಕ. "ಎಡ ಅಲ್ಲ, ಬಲ! ಎಡಕ್ಕೆ ಬಂದ್ರೆ ನಮ್ಮ ವಾದ ಬಿದ್ದುಹೋಗುತ್ತೆ!" ಎಂದು ಮಾವ. ಹಲ್ಲಣ್ಣನಿಗೆ ಇಬ್ಬರ ಮಾತೂ ಕೇಳಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಅವಳೂ ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿದ್ದಳು, ಕಣ್ಣಲ್ಲಿ ಎಂಥದೋ ಕಾತರ ಇತ್ತು. ನನ್ನನ್ನೇ ನೋಡುತ್ತಿದ್ದಾಳೆ ಎಂದುಕೊಂಡ. ಆ ಕ್ಷಣದಲ್ಲಿ ಬ್ರೇಕು ಯಾವುದು, ಎಕ್ಸಲರೇಟರ್ ಯಾವುದು ಎಂಬ ವಿವೇಕ ಅವನ ಬಲಗಾಲಿಗೆ ಉಳಿಯಲಿಲ್ಲ.

ಧಡ್! ಈ ಸಲ ಮೊದಲಿಗಿಂತ ಜೋರಾಗಿ. ಅವಳ ಕಾರಿನ ಹಿಂದಿನ ಲೈಟು ಪುಡಿಪುಡಿ. ಒಳಗಿನ ಕುಂಡವೊಂದು ತೆರೆದ ಕಿಟಕಿಯಿಂದ ಹೊರಗೆ ಬಿದ್ದು ಒಡೆದು, ಗಿಡದ ಬೇರು ಬಿಸಿಲಲ್ಲಿ ಬತ್ತಲಾಯಿತು.

ಅವಳು ಇಳಿದು ಬಂದಳು. ಈ ಸಲ ನಗಲಿಲ್ಲ. ಬಗ್ಗಿ ಆ ಗಿಡವನ್ನು ಎತ್ತಿಕೊಂಡು, ಬೇರಿನ ಮೇಲೆ ಅಂಗೈ ಮುಚ್ಚಿ ನಿಂತಳು.

"ಸಾರ್, ಇದು ಮುಗಿಯೋದೇ ಇಲ್ವಾ?" ಎಂದಳು ಮೆಲ್ಲಗೆ. "ಹಿಂದಿನ ಬಾಗಿಲು ತೆಗೆಯೋಕೇ ಬರಲ್ಲ, ಒಂದೊಂದು ಕುಂಡಾನೂ ಮುಂದಿನ ಸೀಟಿಂದ ತುರುಕಬೇಕು. ದೊಡ್ಡ ಗಿಡ ಕೇಳೋ ಗಿರಾಕಿಗಳೆಲ್ಲ ಬೇರೆ ಕಡೆ ಹೋದ್ರು. ನಿಮ್ಮ ಮೇಲೆ ಕೋಪ ಇಲ್ಲ ಸಾರ್. ನಿಮಗೆ ನ್ಯಾಯ ಬೇಕು, ಕೇಳ್ತೀರಿ. ಆದ್ರೆ ನನಗೆ ಸಾಕಾಗಿಹೋಗಿದೆ."

ಹಲ್ಲಣ್ಣನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ತನಗೆ ಅರ್ಧ ಗಂಟೆಯ ಸುಖ ಎಂದುಕೊಂಡದ್ದು ಅವಳಿಗೆ ಇಂಥ ಕಷ್ಟ ಎಂದು ಒಮ್ಮೆಯಾದರೂ ಯೋಚಿಸಿದ್ದನೇ? ನೀರು ಹುಯ್ದು ಕೊಳೆಸುವವರ ಸಾಲಿಗೆ ತಾನೂ ಸೇರಿದೆನಲ್ಲ ಎಂದು ಸಂಕಟಪಟ್ಟ. ಮೊದಲು ಇವಳ ಕಾರು ಸರಿಹೋಗಲಿ, ಆಮೇಲೆ ನನ್ನ ಮಾತು ಎಂದು ಗಟ್ಟಿ ಮನಸ್ಸು ಮಾಡಿದ.

"ತಪ್ಪು ನನ್ನದೇ" ಎಂದ ಗಟ್ಟಿಯಾಗಿ. "ಆವತ್ತೂ ನನ್ನದೇ, ಇವತ್ತೂ ನನ್ನದೇ. ಎಲ್ಲಾ ಆಕ್ಷೇಪಣೆ ವಾಪಸ್ ತಗೋತೀನಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ."

"ಮಗನೇ! ಗೆಲ್ಲೋ ಕೇಸೋ!" ಎಂದು ಮಾವ ಎದೆ ಹಿಡಿದುಕೊಂಡರು. ಅಕ್ಕ ಅವರ ಕೋಟಿನ ತೋಳು ಎಳೆದು, "ನೀವು ಸುಮ್ನಿರಿ ಮಾವ, ಅವನು ಈಗಷ್ಟೇ ಗೆಲ್ಲೋಕೆ ಹೊರಟಿದ್ದಾನೆ" ಎಂದು ಪಿಸುಗುಟ್ಟಿದಳು.

ಸರ್ವೇಯರ್ ಯಾಕೋ ಅವಸರದಿಂದ ಫೈಲು ಬಿಡಿಸಿದ. ಜಾಗ ತೋರಿಸಿದ. ಹಲ್ಲಣ್ಣ ಸಹಿ ಹಾಕಿದ. ಅವಳೂ ಹಾಕಿದಳು. ಸರ್ವೇಯರ್ ಮೊಹರು ಒತ್ತಿ, ಫೈಲು ಮುಚ್ಚಿ, ದಾರ ಸುತ್ತಿ ಗಂಟು ಹಾಕಿದ. ಹಲ್ಲಣ್ಣ ಒಂದು ಹೆಜ್ಜೆ ಮುಂದಿಟ್ಟ. ಸಸಿಯ ಮುಂದೆ ನೂರು ಸಲ ಆಡಿದ ಮಾತು ನಾಲಿಗೆಯ ತುದಿಗೆ ಬಂದು, ಮೊದಲ ಬಾರಿಗೆ ತಡವರಿಸದೆ ನಿಂತಿತು.

"ಮೇಡಂ" ಎಂದ ಸರ್ವೇಯರ್.

ಎಲ್ಲರೂ ಅವನತ್ತ ತಿರುಗಿದರು. ಆ ಕಡ್ಡಿ ಮನುಷ್ಯನ ಕಿವಿ ಕೆಂಪಾಗಿತ್ತು. ಟೇಪನ್ನು ಎಳೆಯುತ್ತಾನೆ, ಬಿಡುತ್ತಾನೆ, ಎಳೆಯುತ್ತಾನೆ.

"ಫೈಲು ತೆರೆದಿರೋ ತನಕ ಪಾರ್ಟಿ ಜೊತೆ ಸ್ವಂತ ಮಾತು ಆಡಬಾರದು ಅಂತ ನಿಯಮ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಈಗ ಫೈಲು ಮುಗೀತು. ನಾನು... ಅಂದ್ರೆ... ಈ ಕೇಸು ಮುಗಿದ ಮೇಲೂ ನಾವು ಭೇಟಿ ಆಗಬಹುದಾ?"

ಹಲ್ಲಣ್ಣ ತನ್ನ ಬಾಯಿ ಮುಟ್ಟಿ ನೋಡಿಕೊಂಡ. ಮಾತು ತನ್ನದೇ, ಆದರೆ ಬಂದದ್ದು ಬೇರೆ ಬಾಯಿಂದ.

ಅವಳ ಮುಖ ಅರಳಿತು. ಆ ಸೊಟ್ಟ ಹಲ್ಲು ಇಣುಕಿತು, ಹಿಂದೆಂದೂ ಇಣುಕದಷ್ಟು.

"ಎಷ್ಟು ಕಾಯಿಸಿದ್ರಿ ಮಾರಾಯ್ರೇ!" ಎಂದಳು. "ನಾನೂ ಪ್ರತಿ ಸಲ ಇವತ್ತಾದ್ರೂ ಮುಗಿಯುತ್ತೆ, ಇವತ್ತಾದ್ರೂ ಏನಾದ್ರೂ ಹೇಳ್ತೀರಿ ಅಂತ ಬರ್ತಿದ್ದೆ."

"ಕಾಯಿಸಿದ್ದು ನಾನಲ್ಲ" ಎಂದ ಸರ್ವೇಯರ್, ಹಲ್ಲಣ್ಣನತ್ತ ಕೈ ತೋರಿಸಿ. "ಇವರು."

ಅವಳು ಗಿಡವನ್ನು ಕಾರಿನ ಮೇಲಿಟ್ಟು ಓಡಿ ಬಂದು ಹಲ್ಲಣ್ಣನ ಎರಡೂ ಕೈ ಹಿಡಿದುಕೊಂಡಳು. ಎರಡು ತಿಂಗಳಿಂದ ಅವನು ಹಂಬಲಿಸಿದ ಕೈ. ಬೆಚ್ಚಗಿತ್ತು, ಮಣ್ಣಾಗಿತ್ತು.

"ನಿಮ್ಮನ್ನ ಎಷ್ಟು ಬೈದ್ಕೊಂಡಿದ್ದೀನಿ ಗೊತ್ತಾ ಸಾರ್! ಆದ್ರೆ ನೀವು ಮೊದಲನೇ ದಿನವೇ ಒಪ್ಕೊಂಡಿದ್ರೆ ಇವರನ್ನ ನಾನು ಒಂದೇ ಒಂದು ಸಲ ನೋಡಿರ್ತಿದ್ದೆ. ಮರೆತೂ ಹೋಗ್ತಿದ್ದೆ. ನೀವು ಬಿಡದೆ ಕರೆಸಿ ಕರೆಸಿ ಹತ್ತಿರ ಮಾಡಿದ್ರಿ. ನಿಮ್ಮ ಋಣ ಹೇಗೆ ತೀರಿಸೋದು?"

"ಪರವಾಗಿಲ್ಲ" ಎಂದ ಹಲ್ಲಣ್ಣ. ಸರ್ವೇಯರ್ ಮೆಲ್ಲಗೆ ಕೈ ಚಾಚಿ ಅವಳ ಕೂದಲಿನ ಆ ಒಣ ಎಲೆಯನ್ನು ತೆಗೆದ. ಹಲ್ಲಣ್ಣ ಬೇರೆ ಕಡೆ ನೋಡಿದ.

ವಾಪಸ್ ಬರುವಾಗ ಅಕ್ಕ ಮುಂದಿನ ಸೀಟಿನಲ್ಲಿ ಕುಂಡ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗೇರಿನ ಮೇಲಿದ್ದ ತಮ್ಮನ ಕೈಯ ಮೇಲೆ ತನ್ನ ಕೈ ಇಟ್ಟುಕೊಂಡೇ ಬಂದಳು, ಗೇರು ಬದಲಿಸುವಾಗಲೂ ತೆಗೆಯಲಿಲ್ಲ. ಹಿಂದಿನ ಸೀಟಿನಿಂದ ಅರ್ಜಿ ಮಾವ ಮುಂದೆ ಬಾಗಿದರು.

"ಮಗನೇ, ಇನ್ನೂ ಏನೂ ಕೈಮೀರಿಲ್ಲ. ಆ ಸರ್ವೇಯರ್ ಪಾರ್ಟಿ ಮೇಲೆ ಕಣ್ಣಿಟ್ಟು ಅಳತೆ ಮಾಡಿದ್ದಾನೆ ಅಂತ ಮೇಲಿನವರಿಗೆ ಬರೀತೀನಿ. ಫೈಲು ಮತ್ತೆ ತೆರೀಬೇಕಾಗುತ್ತೆ. ತೆರೆದ್ರೆ ಅವನು ಮತ್ತೆ ಬಾಯಿ ಮುಚ್ಕೋಬೇಕು. ಬರೀಲಾ?"

ಸಿಗ್ನಲ್ ಕೆಂಪಾಗಿತ್ತು. ಹಲ್ಲಣ್ಣ ಒಂದು ಮಾತು ಹೇಳಿದರೆ ಸಾಕಿತ್ತು. ಫೈಲಿನ ದಾರ ಬಿಚ್ಚುತ್ತದೆ, ಮತ್ತೆ ಆ ಅಂಗಳ, ಮತ್ತೆ ಅವಳ ಪಕ್ಕ ಅರ್ಧ ಗಂಟೆ. ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಸಿಗ್ನಲ್ ಹಸಿರಾಗಿ, ಹಿಂದಿನವರೆಲ್ಲ ಹಾರ್ನ್ ಬಾರಿಸಿ ಬೈಯಲು ಶುರು ಮಾಡುವ ತನಕ ಆಸೆ ಪಟ್ಟ.

"ಬೇಡ ಮಾವ. ಅವರ ಕಾರು ರಿಪೇರಿಗೆ ಹೋಗ್ಲಿ."

ಸಂಜೆ ಲ್ಯಾಬಿಗೆ ಹೋಗಿ, ಯಾವುದೋ ಅಜ್ಜನ ಮೇಲಿನ ಸೆಟ್ಟು ಉಜ್ಜುತ್ತ ಕೂತಿದ್ದ. ಫೋನು ಬಂತು. ಕಂಪನಿಯ ಆಫೀಸಿನ ಹುಡುಗಿ.

"ಸಾರ್, ಆ ಫೈಲೇನೋ ಮುಗೀತು. ಆದ್ರೆ ಇವತ್ತು ಅಂಗಳದಲ್ಲಿ ಗುದ್ದಿದ್ರಲ್ಲ, ಲೈಟು ಒಡೀತಲ್ಲ, ಅದು ಹೊಸ ಆಕ್ಸಿಡೆಂಟು. ಅದಕ್ಕೆ ಬೇರೆ ಫೈಲು ತೆರೀಬೇಕು. ಸೋಮವಾರ ಎರಡೂ ಪಾರ್ಟಿ ಬರ್ಬೇಕು."

ಹಲ್ಲಣ್ಣನ ಕೈಯಲ್ಲಿದ್ದ ಸೆಟ್ಟು ಮೇಜಿನ ಮೇಲೆ ಬಿತ್ತು. ಎರಡೂ ಪಾರ್ಟಿ! ಸೋತವನಿಗೂ ನೋಡುವ ಹಕ್ಕಾದರೂ ಉಳಿಯಿತಲ್ಲ. ಅವನು ಎದ್ದು ನಿಂತ.

"ಬರ್ತೀನಮ್ಮ, ಖಂಡಿತ ಬರ್ತೀನಿ. ಎಷ್ಟು ಹೊತ್ತಿಗೆ ಬರ್ಬೇಕು? ಮೇಡಂಗೂ ಹೇಳಿದ್ದೀರಾ?"

"ಹೇಳಿದ್ವಿ ಸಾರ್. ಅವರು ಬರಲ್ಲಂತೆ, ನರ್ಸರೀಲಿ ಕೆಲಸ ಇದೆಯಂತೆ. ಅವರ ಪರವಾಗಿ ಹಳೇ ಫೈಲಿನ ನಮ್ಮ ಸರ್ವೇಯರ್ ಸಾರೇ ಬರ್ತಾರೆ. ಈಗ ಅವರ ಕಡೆಯೋರೇ ಆದ್ರಲ್ಲ! ಇನ್ಮೇಲೆ ಎಷ್ಟು ಸಲ ಕರೆದ್ರೂ ಅವರೇ ಬರೋದು. ಅಳೆಯೋಕೆ ಬೇರೆಯವರನ್ನ ಹಾಕಿದ್ದೀವಿ."

ಹಲ್ಲಣ್ಣ ನಿಧಾನವಾಗಿ ಮತ್ತೆ ಕೂತ. ಬಿದ್ದ ಸೆಟ್ಟನ್ನು ಎತ್ತಿ, ಹಲ್ಲು ಮುಕ್ಕಾಗಿದೆಯೇ ಎಂದು ತಿರುಗಿಸಿ ನೋಡಿದ.

"ನೋಡಮ್ಮ, ನನ್ನದೇನೂ ಆಕ್ಷೇಪಣೆ ಇಲ್ಲ" ಎಂದ ಕೊನೆಗೆ. "ತಪ್ಪು ನನ್ನದೇ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಒಂದೇ ಸಲಕ್ಕೆ ಮುಗಿಸಿಬಿಡಿ."

ಆ ಕಡೆಯಿಂದ ಹುಡುಗಿ ಕಿಲಕಿಲ ನಕ್ಕಳು.

"ಇದನ್ನ ಮೊದಲನೇ ಸಲಾನೇ ಹೇಳೋಕೆ ಏನಾಗಿತ್ತು ಸಾರ್ ನಿಮಗೆ?"